ರಮೋನಾದ ಮೇಕೆಗಳೂ ಕುದುರೆಯ ಔಷಧಿಯೂ

2021ರ ಆಗಸ್ಟಿನಲ್ಲಿ ಸೆರಿಟೋಸ್‌ನ ಪಾರ್ಕಿನಲ್ಲಿ ನಾವು ಹತ್ತು ಹನ್ನೆರಡು ಮನೆಯವರು ಬಹಳ ತಿಂಗಳ ಮೇಲೆ ಸೇರಿದ್ದೆವು. ಪುಳಿಯೋಗರೆ, ಮೊಸರನ್ನ, ಯಾರೋ ಕಷ್ಟಪಟ್ಟು ಮಾಡಿ ತಂದ ಹೋಳಿಗೆ, ಎಲ್ಲ ಇತ್ತು. ಊಟವಾದ ಮೇಲೆ ಮಿತ್ರರೊಬ್ಬರು ನಮ್ಮನ್ನು ಮರದ ನೆರಳಿಗೆ ಕರೆದುಕೊಂಡು ಹೋಗಿ, ಮದುವೆಯ ಸಂಬಂಧ ಕೇಳುವವರಂತೆ ದನಿ ತಗ್ಗಿಸಿ, "ಅಣ್ಣಾ, ನಿಮ್ಮ ಮಗಳ ಮನೇಲಿ ಮೇಕೆ ಸಾಕಿದಾರಂತಲ್ಲ, ಆ ಹುಳದ ಪೇಸ್ಟು ಮಿಕ್ಕಿದ್ರೆ ಒಂದು ಟ್ಯೂಬ್ ಕೊಡ್ತೀರಾ?" ಎಂದರು.

ಮೇಕೆ ಅವರಲ್ಲಿಲ್ಲ. ಪೇಸ್ಟು ಅವರಿಗೇ ಬೇಕಾಗಿತ್ತು, ಕರೋನಾ ಬರದಿರಲಿ ಎಂದು. ಆ ದಿನಗಳಲ್ಲಿ ಈ ದೇಶದಲ್ಲಿ ಎಷ್ಟೋ ಜನ ಹೀಗೆಯೇ ಮಾಡುತ್ತಿದ್ದರು. ಸರ್ಕಾರದ ಔಷಧ ಇಲಾಖೆ, ಇದು ದನಕುದುರೆಗಳಿಗೆ ಮಾಡಿದ್ದು, ಮನುಷ್ಯರು ತಿನ್ನಬೇಡಿರಪ್ಪಾ ಎಂದು ಸಾರಿ ಸಾರಿ ಹೇಳಬೇಕಾಯಿತು. ಆಮೇಲೆ ನಡೆದ ದೊಡ್ಡ ಪ್ರಯೋಗಗಳಲ್ಲಿ ಕರೋನಾದ ಮೇಲೆ ಅದರಿಂದ ಪ್ರಯೋಜನವೇನೂ ಕಾಣಲಿಲ್ಲ. ನಮ್ಮ ಮಿತ್ರರು ದಡ್ಡರಲ್ಲ, ಮೂವತ್ತು ವರ್ಷ ಕಂಪ್ಯೂಟರ್ ಕೆಲಸ ಮಾಡಿದವರು. ನಾವು ಪೇಸ್ಟು ಕೊಡಲಿಲ್ಲ. ಅದರ ಬದಲು ತುಂಗೆಯ ಕಥೆ, ಕರಿಯನ ಕಥೆ ಎರಡನ್ನೂ ಹೇಳಿದೆವು. ಪಕ್ಕದಲ್ಲಿ ಕೂತು ಕೇಳಿಸಿಕೊಂಡ ನಮ್ಮ ಸಂಪಾದಕರು ಅದನ್ನೇ ಬರೆದುಕೊಡಿ ಎಂದು ಅಂದಿನಿಂದ ಬೆನ್ನು ಹತ್ತಿದ್ದಾರೆ. ಬರೆಯಲು ಇಷ್ಟು ದಿನ ಹಿಡಿದದ್ದಕ್ಕೆ ಕಾರಣ ಸೋಮಾರಿತನವೊಂದೇ ಅಲ್ಲ. ಈ ಕಥೆಯಲ್ಲಿ ನಮ್ಮದೇ ತಪ್ಪಿದೆ.

ನಾವು 1978ರಲ್ಲಿ ಆರ್ಟೀಸಿಯಾಕ್ಕೆ ಬಂದವರು. ಪಯೋನಿಯರ್ ಬುಲ್ವಾರ್ಡಿನಲ್ಲಿ ಆಗ ಈಗಿನಂತೆ ಸೀರೆ ಅಂಗಡಿ, ಚಾಟ್ ಅಂಗಡಿಗಳ ಸಾಲು ಇರಲಿಲ್ಲ. ಪಕ್ಕದ ಸೆರಿಟೋಸ್ ಊರಿನ ಹೆಸರು 1967ರವರೆಗೆ ಡೈರಿ ವ್ಯಾಲಿ ಎಂದೇ ಇತ್ತಂತೆ, ಅಲ್ಲಿ ಜನರಿಗಿಂತ ಹಸುಗಳೇ ಹೆಚ್ಚಂತೆ. ನಾವು ಬರುವ ಹೊತ್ತಿಗೆ ಡೈರಿಗಳೆಲ್ಲ ಬಹುಮಟ್ಟಿಗೆ ಚೀನೋ ಕಡೆಗೆ ಗಂಟು ಕಟ್ಟಿದ್ದವು. ಆದರೂ ಗಾಳಿ ಆ ಕಡೆಯಿಂದ ಬೀಸಿದ ದಿನ ಸಗಣಿಯ ವಾಸನೆ ಮೂಗಿಗೆ ಬಂದರೆ, ಮಿಕ್ಕವರು ಕಾರಿನ ಗಾಜು ಏರಿಸುತ್ತಿದ್ದರು, ನಾವು ಇಳಿಸುತ್ತಿದ್ದೆವು. ನಮ್ಮಿಬ್ಬರಲ್ಲಿ ಒಬ್ಬರ ಊರು ಹಿರಿಯೂರಿನ ಹತ್ತಿರ. ಕುರಿ ಹಟ್ಟಿಯ ವಾಸನೆಯಲ್ಲಿ ಬೆಳೆದವರಿಗೆ ಇದು ಅರ್ಥವಾಗುತ್ತದೆ.

ಮಗಳು ಅಳಿಯ ಸ್ಯಾನ್ ಡಿಯೇಗೋ ಜಿಲ್ಲೆಯ ರಮೋನಾದಲ್ಲಿ ಎರಡು ಎಕರೆಯ ಮನೆ ಕೊಂಡರು. ಎಸ್ಕಾಂಡಿಡೋದಿಂದ 78ನೇ ರಸ್ತೆಯಲ್ಲಿ ಹೋಗಿ, ಸಫಾರಿ ಪಾರ್ಕು ದಾಟಿ ಬೆಟ್ಟ ಹತ್ತಿದರೆ ಸಿಕ್ಕುವ ಊರು. 2007ರ ಅಕ್ಟೋಬರಿನ ವಿಚ್ ಕ್ರೀಕ್ ಬೆಂಕಿ ಆ ಕಡೆಯೆಲ್ಲ ಸುಟ್ಟುಕೊಂಡು ಹೋದದ್ದು ನಿಮಗೆ ನೆನಪಿರಬಹುದು. ಮನೆಯ ಸುತ್ತ ಒಣ ಪೊದೆ ಬೆಳೆಯಲು ಬಿಡಬಾರದು ಎಂದು ಅಲ್ಲಿಯವರಿಗೆಲ್ಲ ಒಂದು ಭಯ. ಪೊದೆ ಕಡಿಯಲು ಆಳಿಗೆ ಕೊಡುವ ದುಡ್ಡು ನೋಡಿ ನಾವೇ ಹೇಳಿದೆವು: "ಮೇಕೆ ಸಾಕಮ್ಮ, ಅವೇ ತಿಂದು ಹಾಕುತ್ತವೆ." 2016ರಲ್ಲಿ ಮೂರು ಮೇಕೆ ಬಂದವು. ಗಂಗೆ, ತುಂಗೆ, ಭದ್ರೆ ಎಂದು ಹೆಸರಿಟ್ಟೆವು. ಕಾವಲಿಗೆ ಒಂದು ನಾಯಿಮರಿಯೂ ಬಂತು, ಆಸ್ಟ್ರೇಲಿಯನ್ ಶೆಫರ್ಡ್ ಎಂಬ ಜಾತಿ. ಮೊಮ್ಮಗಳು ಅದಕ್ಕೆ ಏನೋ ಇಂಗ್ಲಿಷ್ ಹೆಸರು ಯೋಚಿಸಿದ್ದಳು. ನಾವು ಕರಿಯ, ಕರಿಯ ಎಂದು ಕರೆದೂ ಕರೆದೂ ಅದೇ ನಿಂತಿತು.

ಮೊದಲ ವರ್ಷ ಮೇಕೆಗಳು ಪೊದೆಗಳನ್ನೆಲ್ಲ ನುಣ್ಣಗೆ ಮಾಡಿದವು. ಎರಡನೆಯ ವರ್ಷ ನಮಗೆ ಅವುಗಳ ಮೇಲೆ ಕರುಣೆ ಬಂತು. ಬೇಸಿಗೆಯಲ್ಲಿ ಒಣ ಕಡ್ಡಿ ತಿನ್ನುತ್ತವಲ್ಲಾ ಪಾಪ ಎಂದು ಕೊಟ್ಟಿಗೆಯ ಹಿಂದೆ ಒಂದು ತುಂಡು ಜಾಗಕ್ಕೆ ಸ್ಪ್ರಿಂಕ್ಲರ್ ಹಾಕಿಸಿ ಹಸಿರು ಹುಲ್ಲು ಬೆಳೆಸಿದೆವು. ಮೇಕೆಗಳು ಬೆಟ್ಟ ಹತ್ತುವುದನ್ನು ಬಿಟ್ಟು ಅಲ್ಲೇ ಬಿಡಾರ ಹೂಡಿದವು. ಬಂದವರಿಗೆಲ್ಲ ಆ ಹಸಿರು ತೋರಿಸಿ ಹಿಗ್ಗಿದ್ದೇ ಹಿಗ್ಗಿದ್ದು.

ರೋಗ ಬಂದದ್ದು ಅಲ್ಲಿಂದಲೇ. ಆಡು ಕುರಿಗಳ ನಾಲ್ಕನೆಯ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಒಂದು ಜಂತುಹುಳು ಇದೆ, ಹೀಮಾಂಕಸ್ ಎಂದು ಅದರ ಹೆಸರು. ನೂಲಿನಷ್ಟು ತೆಳ್ಳಗೆ, ಒಂದು ಅಂಗುಲಕ್ಕೆ ಹತ್ತಿರ ಉದ್ದ. ಹೆಣ್ಣು ಹುಳುವಿನ ಮೈಯಲ್ಲಿ ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿಯ ಅಂಡಕೋಶ ಹಗ್ಗದಂತೆ ಹೊಸೆದುಕೊಂಡಿರುತ್ತದೆ. ಇಲ್ಲಿನ ಕ್ಷೌರದ ಅಂಗಡಿಗಳ ಮುಂದೆ ಕೆಂಪು ಬಿಳಿ ಪಟ್ಟೆಯ ಕಂಬ ಇರುತ್ತದಲ್ಲ, ಅದನ್ನು ನೋಡಿ ಇಂಗ್ಲಿಷಿನವರು ಬಾರ್ಬರ್ ಪೋಲ್ ಹುಳು ಎನ್ನುತ್ತಾರೆ. ಒಂದು ಹೆಣ್ಣು ಹುಳು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆ ಇಡುತ್ತದೆ. ಮೊಟ್ಟೆ ಹಿಕ್ಕೆಯ ಜೊತೆ ನೆಲಕ್ಕೆ ಬಿದ್ದು, ಬೆಚ್ಚಗೆ ತೇವವಾಗಿದ್ದರೆ ಮರಿಯಾಗಿ, ಇಬ್ಬನಿಯ ನೀರಿನಲ್ಲಿ ಹುಲ್ಲಿನ ಎಸಳು ಹತ್ತಿ ಕಾಯುತ್ತದೆ. ಬುಡದಿಂದ ಕೆಲವು ಅಂಗುಲದಷ್ಟೇ ಎತ್ತರ. ಒಣ ಬೆಟ್ಟದ ಪೊದೆಯನ್ನು ಕತ್ತೆತ್ತಿ ಮೇಯುವ ಮೇಕೆಗೆ ಈ ಹುಳು ಸಿಕ್ಕುವುದೇ ಅಪರೂಪ. ರಮೋನಾದ ಬಿಸಿಲಿನಲ್ಲಿ ಅದಕ್ಕೆ ಬೇಕಾದ ತೇವವನ್ನು ನೀರಿನ ಬಿಲ್ಲು ಕಟ್ಟಿ ಒದಗಿಸಿದವರು ನಾವು.

ಇದೆಲ್ಲ ಆಮೇಲೆ ತಿಳಿದದ್ದು. ಆಗ ನಮಗೆ ಗೊತ್ತಿದ್ದದ್ದು ಊರಿನ ಪಾಠ. ಊರಿನಲ್ಲಿ ತಾತ ಮಳೆ ಬಿದ್ದು ಹದಿನೈದು ದಿನಕ್ಕೆ ಹಟ್ಟಿಯ ಕುರಿಗಳನ್ನೆಲ್ಲ ಸಾಲಾಗಿ ಹಿಡಿಸಿ, ಬಿದಿರಿನ ಗೊಟ್ಟದಲ್ಲಿ ಕಹಿ ಮದ್ದು ಕುಡಿಸುತ್ತಿದ್ದರು. ಮುತ್ತುಗದ ಬೀಜ ಅರೆದು ಹಾಕುತ್ತಿದ್ದ ನೆನಪಿದೆ, ಬೇವು ಇರುತ್ತಿತ್ತು. ಆಮೇಲೆ ಪಶು ಆಸ್ಪತ್ರೆಯ ಬಾಟಲಿ ಬಂತು, ಗೊಟ್ಟ ಮಾತ್ರ ಅದೇ. ಎಲ್ಲಕ್ಕೂ ಒಂದೇ ದಿನ, ಎಲ್ಲಕ್ಕೂ ಒಂದೇ ಅಳತೆ. ಒಂದು ಕುರಿ ತಪ್ಪಿಸಿಕೊಂಡು ಓಡಿದರೆ ಹುಡುಗರಿಗೆ ಬೈಗುಳ. ಅಂದ ಹಾಗೆ, ನಮ್ಮ ಎಲೆ ಅಡಿಕೆಯ ಅಡಿಕೆ ಇದೆಯಲ್ಲ, ಅದರ ಸಾರವಾದ ಅರೆಕೋಲಿನನ್ನು ನಾಯಿಗಳ ಲಾಡಿಹುಳು ಬೀಳಿಸಲು ಒಂದು ಕಾಲದಲ್ಲಿ ಇಂಗ್ಲಿಷ್ ಡಾಕ್ಟರುಗಳೇ ಕೊಡುತ್ತಿದ್ದರು. ಊಟವಾದ ಮೇಲೆ ಎಲೆ ಹಾಕಿಕೊಳ್ಳುವ ನಮ್ಮ ಹಿರಿಯ ಸದಸ್ಯರು ಇದನ್ನು ಓದಿ ಸಂತೋಷಪಡಬಹುದು. ಆದರೆ ಅಡಿಕೆಯನ್ನು ಸಮರ್ಥಿಸಲು ಬೇರೆ ಕಾರಣ ಹುಡುಕಿಕೊಳ್ಳಲಿ.

ರಮೋನಾದಲ್ಲಿ ಗೊಟ್ಟ ಎಲ್ಲಿ ಬರಬೇಕು? ಮೇವಿನ ಅಂಗಡಿಯಲ್ಲಿ ಕುದುರೆಗೆಂದು ಮಾರುವ ಐವರ್ಮೆಕ್ಟಿನ್ ಪೇಸ್ಟಿನ ಟ್ಯೂಬು ಸಿಕ್ಕಿತು. ಸೇಬಿನ ವಾಸನೆ. ದಬ್ಬುವ ಕಡ್ಡಿಯ ಮೇಲೆ ಗೆರೆಗಳು, ಒಂದು ಗೆರೆಗೆ 250 ಪೌಂಡ್ ತೂಕದ ಕುದುರೆ ಎಂದು ಲೆಕ್ಕ. ನಮ್ಮ ಮೇಕೆಗಳು ನೂರು ಪೌಂಡಿನ ಮೇಲೆ ಸ್ವಲ್ಪ. ಹಾಗಾದರೆ ಅರ್ಧ ಗೆರೆ ಸಾಕು ಎಂದು ತೀರ್ಮಾನಿಸಿದೆವು. ತಿಂಗಳಿಗೊಮ್ಮೆ, ಮೂರಕ್ಕೂ, ಬೆರಳಲ್ಲಿ ಅಳೆದು ನಾಲಿಗೆಗೆ ಸವರಿದ್ದು. ಎಂಟು ತಿಂಗಳು ಹೀಗೆ ಮಾಡಿದೆವು. ಎಷ್ಟು ಶ್ರದ್ಧೆ ನಮ್ಮದು ಎಂದು ಮಗಳು ಹೊಗಳಿದ್ದಳು.

2018ರ ಸೆಪ್ಟೆಂಬರಿನಲ್ಲಿ ತುಂಗೆ ಮಂದೆಯಿಂದ ಹಿಂದೆ ಬೀಳತೊಡಗಿದಳು. ಭೇದಿ ಇಲ್ಲ, ಕೆಮ್ಮು ಇಲ್ಲ. ಒಂದು ಬೆಳಿಗ್ಗೆ ನೋಡಿದರೆ ದವಡೆಯ ಕೆಳಗೆ ನೀರು ತುಂಬಿದ ಚೀಲದಂತೆ ಬಾತಿತ್ತು. ದೊಡ್ಡ ಪ್ರಾಣಿಗಳ ಡಾಕ್ಟರಮ್ಮ ಬಂದರು. ಬಾವನ್ನು ಮುಟ್ಟಿಯೂ ನೋಡಲಿಲ್ಲ, ನೇರವಾಗಿ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆಳೆದರು. ಒಳಗೆ ಕೆಂಪಿರಬೇಕಾದ ಜಾಗ ಕಾಗದದಂತೆ ಬಿಳುಪು. ರಕ್ತವೇ ಇಲ್ಲ. ನಾವು ಟ್ಯೂಬು ತೋರಿಸಿ, ಹತ್ತು ದಿನದ ಹಿಂದೆ ತಾನೇ ಕೊಟ್ಟಿದ್ದೇವೆ, ಹುಳು ಇರಲು ಸಾಧ್ಯವೇ ಇಲ್ಲ ಎಂದೆವು. ಅವರು ಮಾತಾಡದೆ ಹಿಕ್ಕೆ ತೆಗೆದುಕೊಂಡು ಹೋದರು. ಮರುದಿನ ಫೋನು ಬರುವ ಮುಂಚೆಯೇ ತುಂಗೆ ಹೋಗಿದ್ದಳು. ಹಿಕ್ಕೆಯ ತುಂಬ ಮೊಟ್ಟೆ ಎಂದರು. ಔಷಧಿ ತಿಂದೂ ಬದುಕಿದ ಹುಳುಗಳ ಮೊಟ್ಟೆ.

ಹೇಗೆ ಎಂದು ಕೇಳಿದೆವು. ಆ ಡಾಕ್ಟರಮ್ಮ ಬಹಳ ತಾಳ್ಮೆಯವರು, ಒಂದು ಮಧ್ಯಾಹ್ನವನ್ನೇ ನಮಗೆ ಕೊಟ್ಟರು. ಮಿಕ್ಕದ್ದನ್ನು ಲೈಬ್ರರಿಯಲ್ಲಿ ಕೂತು ಓದಿಕೊಂಡೆವು. ನಮಗೆ ಅರ್ಥವಾದಷ್ಟು ಇಲ್ಲಿ ಹೇಳುತ್ತೇವೆ. ವೈದ್ಯ ಮಿತ್ರರು ನಗಬಾರದು.

ಹುಳದ ಔಷಧಿ ಎಂದರೆ ಹೊಟ್ಟೆಗೆ ವಿಷ ಸುರಿದು, ಹುಳು ಸತ್ತು ಮೇಕೆ ಉಳಿಯಲಿ ಎಂದು ದೇವರ ಮೇಲೆ ಭಾರ ಹಾಕುವುದು ಎಂದೇ ನಾವು ತಿಳಿದಿದ್ದೆವು. ಹಾಗಲ್ಲ. ಒಂದೊಂದು ಗುಂಪಿನ ಔಷಧಿ ಹುಳುವಿನ ಮೈಯಲ್ಲಿ ಒಂದೊಂದು ಜಾಗ ಹುಡುಕಿ ಹಿಡಿಯುತ್ತದೆ. 1961ರಲ್ಲಿ ಬಂದ ಥಯಾಬೆಂಡಜೋಲ್, ಅದರ ತಮ್ಮಂದಿರಾದ ಫೆನ್‌ಬೆಂಡಜೋಲ್, ಅಲ್ಬೆಂಡಜೋಲ್ ಒಂದು ಮನೆತನ. ಈಗ ನಮ್ಮ ಊರಿನ ಶಾಲೆಗಳಲ್ಲಿ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಚೀಪಲು ಕೊಡುವ ಮಾತ್ರೆ ಈ ಅಲ್ಬೆಂಡಜೋಲೇ. ಜೀವಕೋಶದ ಒಳಗೆ ಚಪ್ಪರಕ್ಕೆ ಗಳು ಇದ್ದಂತೆ ಸಣ್ಣ ಸಣ್ಣ ನಳಿಕೆಗಳಿರುತ್ತವೆ. ಇವು ಹುಳುವಿನ ಕೋಶದಲ್ಲಿ ಆ ಗಳುಗಳನ್ನು ಕಟ್ಟಲು ಬಿಡುವುದಿಲ್ಲ. ಹುಳು ಆಹಾರ ಹೀರಲಾರದೆ ನಿಧಾನವಾಗಿ ಉಪವಾಸ ಬೀಳುತ್ತದೆ. ಲೆವಾಮಿಸೋಲ್ ಎಂಬುದರ ದಾರಿ ಬೇರೆ. ಸ್ನಾಯುವಿಗೆ ಬಿಗಿದುಕೋ ಎಂದು ನರ ಕೊಡುವ ಅಪ್ಪಣೆಯನ್ನು ತಾನೇ ಕೊಟ್ಟು, ನಿಲ್ಲಿಸದೆ ಕೊಡುತ್ತಲೇ ಇರುತ್ತದೆ. ಹುಳು ಸೆಟೆದುಕೊಂಡು ಹಿಡಿತ ತಪ್ಪಿ ಹೊರಬೀಳುತ್ತದೆ.

ಐವರ್ಮೆಕ್ಟಿನ್ ಇದಕ್ಕೆ ತಿರುಗುಮುರುಗು. ಹುಳುವಿನ ನರದಲ್ಲೂ ಗಂಟಲಿನ ಸ್ನಾಯುವಿನಲ್ಲೂ ಕೆರೆಯ ತೂಬಿನಂಥ ಬಾಗಿಲುಗಳಿವೆ. ಗ್ಲುಟಮೇಟ್ ಎಂಬ ವಸ್ತು ಬಂದು ತಟ್ಟಿದರೆ ತೂಬು ತೆರೆದು ಕ್ಲೋರೈಡ್ ಒಳಗೆ ಹರಿಯುತ್ತದೆ, ನರ ತಣ್ಣಗಾಗುತ್ತದೆ. ಕೆಲಸ ಮುಗಿದ ಮೇಲೆ ತೂಬು ಮುಚ್ಚಬೇಕು. ಐವರ್ಮೆಕ್ಟಿನ್ ಆ ತೂಬಿಗೆ ಕಲ್ಲು ಕೊಟ್ಟಂತೆ ಕೂತು ಮುಚ್ಚಲು ಬಿಡುವುದಿಲ್ಲ. ಕ್ಲೋರೈಡ್ ಹರಿದೇ ಹರಿಯುತ್ತದೆ. ನರ ಎಷ್ಟು ಕೂಗಿದರೂ ಸ್ನಾಯು ಏಳುವುದಿಲ್ಲ. ಗಂಟಲು ಆಡದೆ ನುಂಗುವುದು ನಿಲ್ಲುತ್ತದೆ. ಮೈಯೆಲ್ಲ ಸಡಿಲವಾಗಿ, ಒದ್ದೆ ನೂಲಿನಂತೆ ಹಿಕ್ಕೆಯ ಜೊತೆ ಜಾರಿಹೋಗುತ್ತದೆ. ಈ ಗ್ಲುಟಮೇಟಿನ ತೂಬು ದುಂಡುಹುಳುಗಳಲ್ಲಿದೆ, ಉಣ್ಣೆ ಹೇನುಗಳಂಥ ಕ್ರಿಮಿಗಳಲ್ಲಿದೆ. ಮೇಕೆಯಲ್ಲಿಲ್ಲ, ಕುದುರೆಯಲ್ಲಿಲ್ಲ, ನಮ್ಮಲ್ಲಿಲ್ಲ. ಲಾಡಿಹುಳುವಿನ ಮೇಲೂ ಈ ಔಷಧಿ ನಡೆಯುವುದಿಲ್ಲ, ಅಲ್ಲಿ ಅದು ಹಿಡಿಯುವಂಥ ತೂಬಿಲ್ಲ.

ಈ ಔಷಧಿ ಸಿಕ್ಕಿದ್ದು ಮಣ್ಣಿನಲ್ಲಿ. ಜಪಾನಿನ ಇಟೋ ಊರಿನ ಕವಾನಾ ಎಂಬಲ್ಲಿ ಗಾಲ್ಫ್ ಮೈದಾನದ ಹತ್ತಿರ ತೆಗೆದ ಮಣ್ಣಿನಿಂದ ಸತೋಶಿ ಓಮುರಾ ಅವರು ಒಂದು ಸೂಕ್ಷ್ಮಜೀವಿಯನ್ನು ಬೇರ್ಪಡಿಸಿ ಇಲ್ಲಿಯ ಮೆರ್ಕ್ ಕಂಪನಿಗೆ ಕಳಿಸಿದರು. ಅಲ್ಲಿ ವಿಲಿಯಂ ಕ್ಯಾಂಬೆಲ್ ಮತ್ತು ಸಂಗಡಿಗರು ಅದರ ಸಾರ ಹುಳು ಬೀಳಿಸುವುದನ್ನು ಕಂಡರು. ಪಶುಗಳಿಗೆ 1981ರಲ್ಲಿ ಮಾರಾಟಕ್ಕೆ ಬಂತು. ಆಫ್ರಿಕದಲ್ಲಿ ನದಿಯ ದಡದ ನೊಣದಿಂದ ಹರಡಿ ಕಣ್ಣು ಕಳೆಯುವ ರೋಗಕ್ಕೆ ಇದನ್ನು ಬೇಕಾದಷ್ಟು ಕಾಲ ಪುಕ್ಕಟೆ ಕೊಡುವುದಾಗಿ ಆ ಕಂಪನಿ 1987ರಲ್ಲಿ ಘೋಷಿಸಿತು, ಕೊಟ್ಟಿತು ಕೂಡ. 2015ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಂಥ ದೊಡ್ಡ ಮದ್ದನ್ನು ನಾವು ಬೆರಳಲ್ಲಿ ಅಳೆದು ಕೆಡಿಸಿದೆವು.

ಕೆಡಿಸಿದೆವು ಎಂದದ್ದು ಯಾಕೆಂದರೆ, ಮೇಕೆಯ ಮೈ ಔಷಧಿಯನ್ನು ಕುರಿಗಿಂತ ಬೇಗ ಹೊರಹಾಕುತ್ತದೆ. ಬಾಯಲ್ಲಿ ಕೊಡುವಾಗ ಮೇಕೆಗೆ ಕುರಿಯ ಎರಡರಷ್ಟು ಬೇಕೆಂದು ಡಾಕ್ಟರುಗಳು ಹೇಳುತ್ತಾರೆ. ನಾವು ಕೊಟ್ಟದ್ದು ಕುದುರೆಯ ತೂಕದ ಲೆಕ್ಕ, ಅಂದರೆ ಬೇಕಾದದ್ದರಲ್ಲಿ ಅರ್ಧ. ಅಷ್ಟಕ್ಕೆ ಬಡ ಹುಳುಗಳು ಸತ್ತವು, ಗಟ್ಟಿ ಹುಳುಗಳು ಉಳಿದವು. ಮುಂದಿನ ತಿಂಗಳು ಮೊಟ್ಟೆ ಇಟ್ಟವು ಆ ಗಟ್ಟಿಗಳೇ. ಹೀಗೆ ಎಂಟು ತಿಂಗಳು ನಾವು ಒಳ್ಳೆಯ ಬಿತ್ತನೆ ಆರಿಸುವ ರೈತರಂತೆ ಹುಳುಗಳ ತಳಿ ಆರಿಸಿದ್ದೆವು. ಮೂರಕ್ಕೂ ಒಂದೇ ದಿನ ಕೊಟ್ಟದ್ದು ಇನ್ನೊಂದು ತಪ್ಪು. ಔಷಧಿ ಕಾಣದ ಹುಳುಗಳು ಒಂದೆರಡು ಪ್ರಾಣಿಯಲ್ಲಾದರೂ ಇದ್ದರೆ ಅವುಗಳ ಸಂತಾನ ಬೆರೆತು, ಔಷಧಿಗೆ ಬಗ್ಗುವ ಗುಣ ಹುಲ್ಲಿನಲ್ಲಿ ಉಳಿಯುತ್ತದೆ. ತಾತನಿಂದ ತಪ್ಪಿಸಿಕೊಂಡು ಓಡುತ್ತಿದ್ದ ಆ ಒಂದು ಕುರಿ ಹಟ್ಟಿಗೆ ಉಪಕಾರವನ್ನೇ ಮಾಡುತ್ತಿತ್ತು.

ಇನ್ನು ಕರಿಯನ ಕಥೆ. ತುಂಗೆ ಹೋದ ಆರು ತಿಂಗಳಿಗೆ ಕೊಟ್ಟಿಗೆ ಗುಡಿಸುವಾಗ ಹಳೆಯ ಟ್ಯೂಬೊಂದು ಸಿಕ್ಕಿತು. ಎಸೆಯೋಣವೆಂದು ನಮ್ಮಿಬ್ಬರಲ್ಲಿ ಒಬ್ಬರು ಬೇಲಿಯ ಕಂಬದ ಮೇಲಿಟ್ಟು ಮರೆತರು. ಯಾರು ಎಂಬುದು ಈ ಲೇಖನದಲ್ಲಿ ಬರುವುದಿಲ್ಲ. ಮನೆಯಲ್ಲಿ ಆ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ. ಸೇಬಿನ ವಾಸನೆಗೆ ಕರಿಯ ಅದನ್ನು ಬೀಳಿಸಿ ಜಗಿದುಬಿಟ್ಟ. ಒಳಗೆ ಉಳಿದಿದ್ದದ್ದು ಅರ್ಧ ಗೆರೆಯಷ್ಟು, ಹನ್ನೊಂದು ಮಿಲಿಗ್ರಾಮು ಔಷಧಿ. ಸಂಜೆಗೆ ಜೊಲ್ಲು ಸುರಿಯಿತು, ಹಿಂಗಾಲು ತಡವರಿಸಿತು. ರಾತ್ರಿ ಕಣ್ಣ ಪಾಪೆ ದೊಡ್ಡದಾಗಿ ಗೋಡೆಗೆ ಢಿಕ್ಕಿ ಹೊಡೆಯತೊಡಗಿದ. ಆಸ್ಪತ್ರೆ ಸೇರುವ ಹೊತ್ತಿಗೆ ಎಚ್ಚರವಿರಲಿಲ್ಲ.

ಅಲ್ಲಿಯ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಯಾವ ಜಾತಿಯ ನಾಯಿ ಎಂದು. ನಮ್ಮ ಮೈಯಲ್ಲೂ ನಾಯಿಯ ಮೈಯಲ್ಲೂ ಹುಳುವಿನ ತೂಬನ್ನೇ ಹೋಲುವ ಇನ್ನೊಂದು ಬಗೆಯ ತೂಬು ಮೆದುಳಿನಲ್ಲಿದೆ. ಔಷಧಿ ಅಲ್ಲಿಗೆ ಹೋದರೆ ನಾವೂ ಹುಳುವಿನಂತೆ ಸಡಿಲವಾಗುತ್ತೇವೆ. ಹೋಗದಂತೆ ಮೆದುಳಿನ ರಕ್ತನಾಳಗಳ ಗೋಡೆಯಲ್ಲಿ ಕಾವಲುಗಾರ ಪಂಪುಗಳು ನಿಂತು, ಒಳಗೆ ನುಗ್ಗಿದ್ದನ್ನು ಹೊರಕ್ಕೆ ತಳ್ಳುತ್ತಿರುತ್ತವೆ. ಇದು ತಿಳಿದದ್ದೂ ಒಂದು ಅವಘಡದಿಂದಲೇ. ಹಾಲೆಂಡಿನ ಒಂದು ಪ್ರಯೋಗಶಾಲೆಯಲ್ಲಿ ಈ ಪಂಪಿನ ಜೀನನ್ನು ತೆಗೆದ ಇಲಿಗಳಿದ್ದವು. ಇಲಿಗಳಿಗೆ ಹೇನಿನಂಥ ಕ್ರಿಮಿ ಹತ್ತಿತೆಂದು ಕೋಣೆಯಲ್ಲಿ ಎಲ್ಲಕ್ಕೂ ಐವರ್ಮೆಕ್ಟಿನ್ ಸಿಂಪಡಿಸಿದರು. ಮಿಕ್ಕವು ಆರಾಮಾಗಿದ್ದವು, ಪಂಪಿಲ್ಲದವು ಸತ್ತವು. 1994ರಲ್ಲಿ ಅದು ಪ್ರಕಟವಾಯಿತು. 2001ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು ಕಾಲಿ ಜಾತಿಯ ನಾಯಿಗಳಲ್ಲಿ ಅದೇ ಜೀನಿನ ನಾಲ್ಕು ಅಕ್ಷರ ಹುಟ್ಟಿನಿಂದಲೇ ಬಿಟ್ಟುಹೋಗಿರುವುದನ್ನು ಕಂಡುಹಿಡಿದರು. ಕುರಿ ಕಾಯುವ ಹಲವು ಜಾತಿಗಳಲ್ಲಿ ಇದಿದೆ. ಆಸ್ಟ್ರೇಲಿಯನ್ ಶೆಫರ್ಡುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನಾಯಿಗಳು ಈ ದೋಷ ಹೊತ್ತಿರುತ್ತವೆ. ಕುರಿಗೆ ಹುಳದ ಔಷಧಿ ಕೊಡುವ ಹಟ್ಟಿಯಲ್ಲೇ ಇರುವ ನಾಯಿಗೆ ಈ ಕೊರತೆ!

ಬೇರೆ ನಾಯಿಯಾಗಿದ್ದರೆ ಅಷ್ಟು ಪೇಸ್ಟಿಗೆ ಏನೂ ಆಗುತ್ತಿರಲಿಲ್ಲವೋ ಏನೋ. ಕರಿಯನ ತೂಕ 22 ಕಿಲೋ. ಹಾರ್ಟ್‌ವರ್ಮಿಗೆಂದು ನಾಯಿಗಳಿಗೆ ತಿಂಗಳಿಗೊಮ್ಮೆ ಕೊಡುವುದು ಕಿಲೋವಿಗೆ ಆರು ಮೈಕ್ರೋಗ್ರಾಮು, ಅಷ್ಟನ್ನು ಇಂಥ ನಾಯಿಗಳೂ ತಾಳುತ್ತವೆ. ಕರಿಯ ತಿಂದದ್ದು ಅದರ ಎಂಬತ್ತರಷ್ಟು. ಇದಕ್ಕೆ ಪ್ರತಿಮದ್ದು ಇಲ್ಲ. ರಕ್ತನಾಳಕ್ಕೆ ಎಣ್ಣೆಯ ದ್ರವ ಬಿಟ್ಟು ಔಷಧಿಯನ್ನು ಅದಕ್ಕೆ ಎಳೆಯಲು ನೋಡಿದರು. ಉಸಿರು ನಿಲ್ಲದಂತೆ ಕಾದರು. ಕಣ್ಣು ಒಣಗದಂತೆ ಮುಲಾಮು, ಮಗ್ಗುಲು ಹುಣ್ಣಾಗದಂತೆ ಗಂಟೆಗಂಟೆಗೆ ಹೊರಳಿಸುವುದು. ಐದು ದಿನ. ಮೊಮ್ಮಗಳು ನಮ್ಮನ್ನು ಏನೂ ಕೇಳಲಿಲ್ಲ, ಅದೇ ಕಷ್ಟವಾಗಿತ್ತು. ಆರನೆಯ ದಿನ ಅವಳ ದನಿಗೆ ಕಿವಿ ಅಲ್ಲಾಡಿಸಿದ. ದೃಷ್ಟಿ ಮರಳಲು ಇನ್ನೂ ಕೆಲವು ದಿನ ಹಿಡಿಯಿತು.

ಪಾರ್ಕಿನಲ್ಲಿ ಟ್ಯೂಬು ಕೇಳಿದ ಮಿತ್ರರಿಗೆ ನಾವು ಹೇಳಿದ್ದು ಇದನ್ನೇ. ಮನುಷ್ಯರಿಗೂ ಈ ಔಷಧಿಯ ಮಾತ್ರೆ ಇದೆ, ಹುಳುವಿಗೆ ಕೊಡುತ್ತಾರೆ, ತೂಕ ನೋಡಿ ಮಿಲಿಗ್ರಾಮಿನ ಲೆಕ್ಕದಲ್ಲಿ. ಒಂದು ಟ್ಯೂಬಿನಲ್ಲಿರುವುದು 1250 ಪೌಂಡಿನ ಕುದುರೆಗೆ ಬೇಕಾದ ನೂರ ಹದಿಮೂರು ಮಿಲಿಗ್ರಾಮು. ನಿಮ್ಮ ಕಾವಲುಗಾರ ಎಷ್ಟು ತಡೆಯುತ್ತಾನೆಂದು ಪರೀಕ್ಷೆ ಮಾಡಿ ನೋಡುವಿರಾ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಯಿ ಈಗ ಹೇಗಿದೆ?" ಎಂದು ಕೇಳಿದರು.

ಕರಿಯ ಚೆನ್ನಾಗಿದ್ದಾನೆ. ಸ್ಪ್ರಿಂಕ್ಲರ್ ಕಿತ್ತು ಹಾಕಿಸಿದ್ದೇವೆ. ಹಸಿರು ಹೋಯಿತು, ಮೇಕೆಗಳು ಮತ್ತೆ ಬೆಟ್ಟ ಹತ್ತುತ್ತಿವೆ. ಗಂಗೆ ಭದ್ರೆಯರಿಗೆ ಡಾಕ್ಟರಮ್ಮ ಬೇರೆ ಗುಂಪಿನ ಔಷಧಿಯನ್ನು ತೂಕ ಹಾಕಿ ಕೊಟ್ಟರು. ಕೊಡುವ ದಿನ ಒಮ್ಮೆ, ಎರಡು ವಾರದ ಮೇಲೆ ಒಮ್ಮೆ ಹಿಕ್ಕೆಯಲ್ಲಿ ಮೊಟ್ಟೆ ಎಣಿಸಿ, ಔಷಧಿ ನಡೆಯಿತೋ ಇಲ್ಲವೋ ನೋಡಿದರು. ನೂರರಲ್ಲಿ ತೊಂಬತ್ತೈದಾದರೂ ಇಳಿಯಬೇಕಂತೆ. ಇಳಿದಿತ್ತು. ಐವರ್ಮೆಕ್ಟಿನ್ ತಿಂದ ದನದ ಸಗಣಿಯಲ್ಲಿ ಸಗಣಿ ಹುಳುವಿನ ಮರಿಗಳೂ ಸಾಯುತ್ತವೆ ಎಂದು ಅವರೇ ಹೇಳಿದರು. ಚಿಕ್ಕಂದಿನಲ್ಲಿ ಹಟ್ಟಿಯ ಅಂಗಳದಲ್ಲಿ ಉಂಡೆ ಉರುಳಿಸುವ ಆ ಹುಳುಗಳ ಹಿಂದೆ ಹೋದ ನೆನಪಾಯಿತು.

ಈಗ ತಿಂಗಳಿಗೊಮ್ಮೆ ಎಲ್ಲಕ್ಕೂ ಔಷಧಿ ಎಂಬುದಿಲ್ಲ. ದಕ್ಷಿಣ ಆಫ್ರಿಕದವರು ಮಾಡಿದ ಒಂದು ಕಾರ್ಡು ಇದೆ, ಫಮಾಚಾ ಎಂದು ಹೆಸರು, ಅದರಲ್ಲಿ ಕೆಂಪಿನಿಂದ ಬಿಳುಪಿನವರೆಗೆ ಐದು ಬಣ್ಣ. ಕಣ್ಣಿನ ರೆಪ್ಪೆ ಎಳೆದು ಪಕ್ಕದಲ್ಲಿ ಹಿಡಿದು ನೋಡುವುದು. ಬಿಳುಪು ತಿರುಗಿದ ಪ್ರಾಣಿಗೆ ಮಾತ್ರ ಔಷಧಿ. ನಾವು ಎರಡು ವಾರಕ್ಕೊಮ್ಮೆ 15ನೇ ಫ್ರೀವೇ ಹಿಡಿದು ಹೋಗುತ್ತೇವೆ. ಒಬ್ಬರು ಕೊಂಬು ಹಿಡಿಯುತ್ತೇವೆ, ಒಬ್ಬರು ರೆಪ್ಪೆ ಎಳೆಯುತ್ತೇವೆ, ಮೊಮ್ಮಗಳು ಕಾರ್ಡು ಹಿಡಿದು ನಂಬರು ಕೂಗುತ್ತಾಳೆ. ಕಳೆದ ಭಾನುವಾರ ಭದ್ರೆ ಒಂದು, ಗಂಗೆ ಎರಡು. ಇಬ್ಬರಿಗೂ ಏನೂ ಕೊಡದೆ ಗೇಟು ತೆರೆದು ಬಿಟ್ಟೆವು.